ಡಬಲ್ ಬಾರ್ ಸೈಕಲ್‌ಗೆ ರೇಸಲ್ಲಿ ಜಾಗ ಉಂಟಾ?

ಕಳೆದ ಭಾನುವಾರ ವಾಚನಾಲಯದಲ್ಲಿ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕ್ಲಬ್ಬಿನ ಹುಡುಗರು ಮೂರು ದಿನದಿಂದ ಬೆನ್ನು ಬಿದ್ದಿದ್ದಾರೆ. ಮಾತಾಡುವಾಗ ಅಷ್ಟು ಕಷ್ಟ ಆಗಲಿಲ್ಲ ಮಾರಾಯ್ರೆ, ಬರೆಯುವಾಗ ಬೆವರುತ್ತಿದೆ. ನಾನು ಭಾಷಣ ಮಾಡುವವನಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡವನು. ಅಪ್ಪನೂ ಅದೇ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಸೈಕಲ್ ಕೊಡುತ್ತಿದ್ದರು. ಅಲ್ಲಿ ಒಳಪೆಡಲ್ ಹೊಡೆದು ಕಲಿತು, ಮೊಣಕಾಲು ಒಡೆದುಕೊಂಡು, ಮನೆಯಲ್ಲಿ ಹೇಳದೆ ಮುಚ್ಚಿಟ್ಟವರು ಅವತ್ತಿನ ಸಭೆಯಲ್ಲೇ ಏಳೆಂಟು ಜನ ಇದ್ದರು. ಈಗ ಗೇರ್ ಸೈಕಲ್, ಕಾರ್ಬನ್ ಸೈಕಲ್ ಎಲ್ಲ ನನ್ನ ಕೈಗೆ ಬರುತ್ತವೆ. ಅಷ್ಟೇ ನನ್ನ ಯೋಗ್ಯತೆ.

ವಿಷಯ ಇಷ್ಟು. ಜನವರಿಯಲ್ಲಿ ಹಿಲ್ ಹೈವೇಯಲ್ಲಿ, ನಂದಾರಪದವಿನ ಕಡೆಗೆ ಹೋಗಿ ಬರುವ ಒಂದು ಸೈಕಲ್ ರೇಸ್ ಮಾಡಬೇಕು ಅಂತ ಕ್ಲಬ್ಬಿನವರ ಆಸೆ. ಯಾರು ಬೇಕಾದರೂ ಬರಬಹುದು. ಪ್ಲಸ್ ಟೂ ಮಕ್ಕಳು, ಬ್ಯಾಂಕಿನವರು, ಅಡಿಕೆ ತೋಟದವರು, ಮಂಗಳೂರಿಂದ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬರುವವರು, ಎಲ್ಲರೂ. ಬರುವ ಜನ ಯಾರು ಅಂತ ಜಗಳ ಆಗಲಿಲ್ಲ. ಬರುವ ಸೈಕಲ್ ಯಾವುದು ಅಂತ ಆಯಿತು. ಮೀಟಿಂಗಲ್ಲಿ ಎರಡು ಗಂಟೆ ಕೂಗಾಡಿ, ಕೊನೆಗೆ "ಅಂಗಡಿಯವರಿಗೆ ಗೊತ್ತಿರ್ತದೆ, ಅವರೇ ಹೇಳಲಿ" ಅಂತ ನನ್ನ ತಲೆಗೆ ಕಟ್ಟಿದರು.

ಇಂಥ ಜಗಳ ನಮಗೆ ಹೊಸತೇನಲ್ಲ. ಓಣಂ ಆಟೋಟದಲ್ಲಿ ಸ್ಲೋ ಸೈಕಲ್ ರೇಸ್ ಇರುತ್ತದಲ್ವಾ, ಕಾಲು ಊರದೆ ಎಲ್ಲರಿಗಿಂತ ಹಿಂದೆ ಉಳಿದವನು ಗೆಲ್ಲುವುದು. ಒಂದು ವರ್ಷ ಒಬ್ಬ ಹುಡುಗ ಬೈಕಿನ ಟಯರಿನಷ್ಟು ದಪ್ಪ ಟಯರಿನ ಸೈಕಲ್ ತಂದ. ಅದು ನಿಂತಲ್ಲೇ ನಿಲ್ಲುತ್ತದೆ, ಬೀಳುವ ಪ್ರಶ್ನೆಯೇ ಇಲ್ಲ. ಗೆದ್ದ. ಸೋತವರು ಬಿಡಲಿಲ್ಲ. ಬಹುಮಾನ ಒಂದು ಸ್ಟೀಲ್ ಬಕೆಟ್, ಅದಕ್ಕೆ ಎರಡು ಮನೆಯವರು ಓಣಂ ಊಟಕ್ಕೆ ಕೂತಲ್ಲಿ ಮಾತು ಬಿಟ್ಟರು. ಮರುವರ್ಷದಿಂದ ಕ್ಲಬ್ಬಿನದ್ದೇ ಒಂದು ಸೈಕಲ್, ಎಲ್ಲರೂ ಸರದಿಯಲ್ಲಿ ಅದನ್ನೇ ಓಡಿಸುವುದು, ಕೈಯಲ್ಲಿ ಸ್ಟಾಪ್‌ವಾಚ್. ಜಗಳ ಅಲ್ಲಿಗೆ ಮುಗಿಯಿತು.

ಜಪಾನಿನಲ್ಲಿ ಕೇರಿನ್ ಅಂತ ಒಂದು ಟ್ರ್ಯಾಕ್ ರೇಸ್ ಇದೆ, 1948ರಿಂದ ನಡೆಯುತ್ತಿದೆ, ಜನ ಅದಕ್ಕೆ ಬಾಜಿ ಕಟ್ಟುತ್ತಾರೆ. ಅಲ್ಲೂ ಹೆಚ್ಚುಕಮ್ಮಿ ನಮ್ಮ ಓಣಂ ಬುದ್ಧಿಯೇ. ಸ್ಟೀಲ್ ಫ್ರೇಮ್, ಮುದ್ರೆ ಒತ್ತಿ ಒಪ್ಪಿಗೆ ಕೊಟ್ಟ ಬಿಡಿಭಾಗ ಮಾತ್ರ. ದುಡ್ಡು ಕಟ್ಟಿದವನಿಗೆ ಸೈಕಲ್ ಗೆದ್ದಿತು ಅಂತ ಅನ್ನಿಸಬಾರದು ನೋಡಿ.

ಆದರೆ ಮುನ್ನೂರು ಜನ ಬರುವ ರೇಸಿಗೆ ಮುನ್ನೂರು ಒಂದೇ ತರದ ಸೈಕಲ್ ಎಲ್ಲಿಂದ ತರುವುದು? ಅವರವರ ಮನೆಯಲ್ಲಿ ಇರುವುದನ್ನೇ ತರುತ್ತಾರೆ. ಆದ್ದರಿಂದ "ಎಲ್ಲರಿಗೂ ಸಮ ಆಗಬೇಕು" ಅನ್ನುವ ಆಸೆಯನ್ನು ನಾವು ಮೊದಲೇ ಅರ್ಧ ಬಿಡಬೇಕು. ಹಾಗಾದರೆ ಉಳಿಯುವುದೇನು? ಅದನ್ನು ಹೇಳುವ ಮೊದಲು ಕಳೆದ ವರ್ಷ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಒಂದು ಕಡೆ ರೇಸ್ ಇತ್ತು. ಎಲ್ಲಿ, ಯಾರು ಮಾಡಿದ್ದು ಅಂತ ಬೇಡ, ಅವರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಾನು ಪಾನಾ, ಪಂಪ್, ಪಂಚರ್ ಸೊಲ್ಯೂಶನ್ ಹಿಡಿದುಕೊಂಡು ಗೇಟಿನ ಬದಿಯಲ್ಲಿ ಕೂತಿದ್ದೆ. ಬೆಳಿಗ್ಗೆ ಆರೂವರೆಗೆ ನಮ್ಮೂರಿಗೆ ಮೀನು ತರುವ ಇಚ್ಚ ಬಂದರು. ವಯಸ್ಸು ಅರವತ್ತು ದಾಟಿದೆ, ಊರಿನ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಅವರು ಇಚ್ಚನೇ, ಅಂದರೆ ಅಣ್ಣ. ಉಳಿದ ಮೀನಿನವರೆಲ್ಲ ಸ್ಕೂಟರಿಗೆ ಹೋದರೂ ಇವರು ಇನ್ನೂ ಆ ಕಪ್ಪು, ಮೇಲೆ ಎರಡು ಅಡ್ಡ ಪೈಪಿನ ಡಬಲ್ ಬಾರ್ ಸೈಕಲ್ ಬಿಟ್ಟಿಲ್ಲ. ಪೆಟ್ಟಿಗೆ ಬಿಚ್ಚಿಟ್ಟು, ಸೈಕಲ್ ತೊಳೆದು, ಚೈನಿಗೆ ಎಣ್ಣೆ ಬಿಟ್ಟು ತಂದಿದ್ದರು. ಲುಂಗಿ ಬದಲು ಮಗನ ಟ್ರ್ಯಾಕ್ ಪ್ಯಾಂಟ್. ಗೇಟಿನಲ್ಲಿದ್ದ ಹುಡುಗ ಸೈಕಲನ್ನು ಮೇಲಿಂದ ಕೆಳಗೆ ನೋಡಿ, "ಇಚ್ಚಾ, ಇದಲ್ಲ, ರೇಸ್ ಸೈಕಲ್ ಬೇಕು" ಅಂದ. ಇಚ್ಚ ಜಗಳಾಡಲಿಲ್ಲ. ತಿರುಗಿಸಿ ಹೋದರು. ಹಾರ್ನ್ ಮಾತ್ರ ಒಮ್ಮೆ ಪೋಂ ಅಂತ ಒತ್ತಿದರು, ಸಿಟ್ಟಿಗೋ ಅಭ್ಯಾಸಕ್ಕೋ ಗೊತ್ತಿಲ್ಲ.

ಅದೇ ಗೇಟಿನಿಂದ ಐದು ನಿಮಿಷದ ಮೇಲೆ ಇನ್ನೊಬ್ಬರು ಒಳಗೆ ಹೋದರು. ಲಕ್ಷಗಟ್ಟಲೆ ಬೆಲೆಯ ಸೈಕಲ್. ಹ್ಯಾಂಡಲಿನ ನಡುವಿನಿಂದ ಮುಂದಕ್ಕೆ ಚಾಚಿದ ಎರಡು ಕೊಂಬು, ಏರೋ ಬಾರ್ ಅನ್ನುತ್ತಾರೆ, ಮೊಣಕೈ ಊರಿ ಗಾಳಿಗೆ ತಲೆ ಬಗ್ಗಿಸಿ ಹೋಗಲಿಕ್ಕೆ ಇರುವುದು. ಹುಡುಗರು ಆ ಸೈಕಲ್ ಜೊತೆ ಸೆಲ್ಫಿ ತೆಗೆದರು. ಹನ್ನೆರಡು ಕಿಲೋಮೀಟರ್ ದಾಟಿದ ಮೇಲೆ ಒಂದು ಹಂಪ್. ಮುಂದಿನವರು ಬ್ರೇಕ್ ಹಿಡಿದರು. ಇವರ ಕೈ ಕೊಂಬಿನ ತುದಿಯಲ್ಲಿ, ಬ್ರೇಕ್ ಅಡ್ಡ ಹ್ಯಾಂಡಲಿನಲ್ಲಿ. ಐದು ಜನ ಬಿದ್ದರು. ಒಬ್ಬ ಹುಡುಗನ ಹೆಗಲ ಮೂಳೆ ಮುರಿಯಿತು. ತಪ್ಪು ಮಾಡಿದವರಿಗೆ ಚರ್ಮ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಯಾವಾಗಲೂ ಹಾಗೆಯೇ ಅಲ್ವಾ.

ಗೇಟಿನಲ್ಲಿ ಸೈಕಲಿನ ಬೆಲೆ ನೋಡಿದರು, ಬ್ರೇಕ್ ನೋಡಲಿಲ್ಲ. ಇಡೀ ಸಂಜೆ ನಾನು ಹೇಳಿದ್ದು ಇದೊಂದನ್ನೇ, ಬೇರೆ ಬೇರೆ ಬಾಯಿಂದ.

ಸ್ವಲ್ಪ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಜಾಸ್ತಿ. ಆ ವೇಗದಲ್ಲಿ ನಾವು ತುಳಿಯುವ ಶಕ್ತಿಯಲ್ಲಿ ಹೆಚ್ಚಿನದ್ದೆಲ್ಲ ಗಾಳಿಯನ್ನು ತಳ್ಳಲಿಕ್ಕೇ ಹೋಗುತ್ತದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಉಳಿತಾಯ. ಆದ್ದರಿಂದಲೇ ಜನ ಗುಂಪಾಗಿ, ಅರ್ಧ ಮೀಟರ್ ಸಂದಿಯಲ್ಲಿ ಹೋಗುವುದು. ಈಗ ಕೊಂಬಿನಿಂದ ಬ್ರೇಕಿಗೆ ಕೈ ತರಲು ಅರ್ಧ ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಅಷ್ಟರಲ್ಲಿ ನಾಲ್ಕು ಮೀಟರ್ ಮುಂದೆ ಹೋಗಿ ಆಯಿತು. ಸಂದಿ ಇದ್ದದ್ದು ಅರ್ಧ ಮೀಟರ್. ಇನ್ನು ವಿವರಿಸುವುದು ಬೇಡ.

ಒಬ್ಬರೇ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್‌ನಲ್ಲಿ ಏರೋ ಬಾರ್ ಸರಿ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯತ್ಲಾನ್‌ನಲ್ಲೂ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗಬಾರದು ಅನ್ನುವ ರೇಸುಗಳಲ್ಲಿ ಸರಿ. ವಸ್ತು ಕೆಟ್ಟದ್ದಲ್ಲ, ಗುಂಪು ಅದರ ಜಾಗ ಅಲ್ಲ. ಬಿಚ್ಚಿಟ್ಟು ಬನ್ನಿ ಅಂತ ಹೇಳಬೇಕು, ಎರಡು ಬೋಲ್ಟ್ ಕೆಲಸ, ನಾನೇ ಗೇಟಿನಲ್ಲಿ ಬಿಚ್ಚಿ ಕೊಡುತ್ತೇನೆ.

ಇಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಅಣ್ಣ, ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮ ಉಂಟಲ್ಲ, ಅದನ್ನೇ ಹಾಕಿದರೆ ಆಯ್ತಲ್ಲ" ಅಂತ ಕೇಳಿದ. ಯುಸಿಐ ನಿಯಮ, ಅಂದರೆ ಲೋಕದ ಸೈಕಲ್ ರೇಸುಗಳಿಗೆಲ್ಲ ಕಾನೂನು ಬರೆಯುವ ಸಂಸ್ಥೆಯದ್ದು. ಒಳ್ಳೆಯ ಪ್ರಶ್ನೆ, ಅದಕ್ಕೇ ಸ್ವಲ್ಪ ಹಳೇ ಕಥೆ ಹೇಳಿದೆ.

1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಅಂತ ಒಬ್ಬ, ಮೊದಲ ಸಾಲಿನ ಸವಾರ ಏನಲ್ಲ, ಒಂದು ಗಂಟೆಯಲ್ಲಿ 45.055 ಕಿ.ಮೀ. ಓಡಿಸಿ ದಾಖಲೆ ಮಾಡಿದ. ಅದಕ್ಕಿಂತ ಹಿಂದಿನದ್ದು ಆಸ್ಕರ್ ಎಗ್‌ನ 44.247 ಕಿ.ಮೀ., 1914ರಿಂದ ಅಲುಗಾಡದೆ ಕೂತಿದ್ದ ದಾಖಲೆ. ಫೋರ್ ಓಡಿಸಿದ್ದು ಶಾರ್ಲ್ ಮೋಶೆ ಅನ್ನುವವನು ಮಾಡಿದ ಸೈಕಲ್, ಈಸಿಚೇರಿನಲ್ಲಿ ಒರಗಿದ ಹಾಗೆ ಬೆನ್ನು ಹಿಂದಕ್ಕೆ, ಕಾಲು ಮುಂದಕ್ಕೆ. ಗಾಳಿಗೆ ಸಿಗುವುದು ಕಮ್ಮಿ, ವೇಗ ಜಾಸ್ತಿ. ದೊಡ್ಡವರಿಗೆ ಇರುಸುಮುರುಸಾಯಿತು. 1934ರಲ್ಲಿ ಸೈಕಲ್ ಅಂದರೆ ಹೀಗೇ ಇರಬೇಕು ಅಂತ ಅಳತೆ ಬರೆದು, ಆ ಮಲಗಿ ತುಳಿಯುವ ಸೈಕಲನ್ನು ರೇಸಿನಿಂದ ಹೊರಗೆ ಹಾಕಿದರು. ಇವತ್ತಿಗೂ ಹೊರಗೇ ಇದೆ.

ಇನ್ನೊಂದು ಕೇಳಿ. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರು ಮಾಡಿದ ಹೆನ್ರಿ ಡೆಗ್ರಾಂಜ್‌ಗೆ ಗೇರ್ ಕಂಡರೆ ಆಗುತ್ತಿರಲಿಲ್ಲ, ಅದು ವಯಸ್ಸಾದವರಿಗೆ ಇರುವುದು ಅಂತ ಅವನ ಲೆಕ್ಕ. ಆಲ್ಪ್ಸ್ ಬೆಟ್ಟದ ಬುಡದಲ್ಲಿ ಸವಾರರು ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಕೂರಿಸಿ ಮತ್ತೆ ಹತ್ತುತ್ತಿದ್ದರು. ಈಗಿನ ತರದ ಗೇರಿಗೆ ಆ ರೇಸಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಗೇರ್ ಇಲ್ಲದೆ ನಮ್ಮ ಪೊಸಡಿಗುಂಪೆ ಗುಡ್ಡೆ ಹತ್ತಿದವರು ಇದ್ದರೆ ಅವರ ನೋವು ಊಹಿಸಿಕೊಳ್ಳಿ. ಡಿಸ್ಕ್ ಬ್ರೇಕಿನದ್ದೂ ಅದೇ ಕಥೆ. 2016ರಲ್ಲಿ ಪ್ರಯೋಗಕ್ಕೆ ಬಿಟ್ಟು, ಒಬ್ಬ ಸವಾರನಿಗೆ ಗಾಯ ಆಯಿತು ಅಂತ ನಿಲ್ಲಿಸಿ, ಮತ್ತೆ ಬಿಟ್ಟು, ರೋಡ್ ರೇಸಿಗೆ ಖಾಯಂ ಆದದ್ದು 2018ರಲ್ಲಿ. ಅಷ್ಟರಲ್ಲಿ ನನ್ನ ಅಂಗಡಿಗೆ ಬರುವ ಹೈಸ್ಕೂಲ್ ಮಕ್ಕಳ ಸೈಕಲಲ್ಲೂ ಡಿಸ್ಕ್ ಬಂದಿತ್ತು!

ಆ ನಿಯಮಗಳೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ಚಿಂತೆ ಬೇರೆ. ಗೆದ್ದದ್ದು ಮನುಷ್ಯನೋ ಮೆಷಿನ್ನೋ ಅನ್ನುವುದು ಅವರ ಚಿಂತೆ. ಅದಕ್ಕೇ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು, 185 ಸೆಂ.ಮೀ.ಗಿಂತ ಉದ್ದ ಇರಬಾರದು ಅಂತೆಲ್ಲ ಬರೆಯುತ್ತಾರೆ. ನಮ್ಮ ರೇಸಿಗೆ ಬರುವ ಮುಕ್ಕಾಲು ಪಾಲು ಸೈಕಲ್ 14 ಕೆ.ಜಿ. ಇಚ್ಚನದ್ದು 20ರ ಮೇಲೆಯೇ. ಹಗುರ ಆಯಿತು ಅಂತ ಯಾರನ್ನು ವಾಪಸ್ ಕಳಿಸುವುದು? ನಮ್ಮ ಚಿಂತೆ ಪಕ್ಕದವನ ಹೆಗಲ ಮೂಳೆ.

ಗುಂಪಿನಲ್ಲಿ ಈ ಸೈಕಲ್ ಪಕ್ಕದವರಿಗೆ ಏನು ಮಾಡುತ್ತದೆ ಅಂತ ಕೇಳಿಕೊಂಡರೆ ಹೆಚ್ಚಿನದ್ದು ತನ್ನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಎಂಟಿಬಿ, ಅಂದರೆ ದಪ್ಪ ಟಯರಿನ ಮೌಂಟನ್ ಬೈಕ್, ಬರಲಿ, ಹ್ಯಾಂಡಲ್ ತುದಿಗೆ ರಬ್ಬರ್ ಬಿರಡೆ ಇದ್ದರೆ ಆಯಿತು. ಸಣ್ಣ ವಿಷಯ ಅಂತ ಕಾಣುತ್ತದೆ, ಆದರೆ ಬಾಯಿ ತೆರೆದ ಪೈಪ್ ತೊಡೆಗೆ ಚುಚ್ಚಿದರೆ ಅದು ದುಂಡಗೆ ಕತ್ತರಿಸಿದ ಹಾಗೆ ಮಾಂಸ ತೆಗೆಯುತ್ತದೆ, ನಾನು ನೋಡಿದ್ದೇನೆ. ಮಡಚುವ ಸೈಕಲ್, ಹೆಂಗಸರ ಸೈಕಲ್, ಬುಟ್ಟಿ ಇರುವುದು, ಎಲ್ಲ ಬರಲಿ. ಚಕ್ರ ತಿರುಗಿದಷ್ಟು ಹೊತ್ತು ಪೆಡಲೂ ತಿರುಗುವ, ಬ್ರೇಕ್ ಇಲ್ಲದ ಫಿಕ್ಸ್‌ಡ್ ಗೇರ್, ಪೆಡಲ್ ಹಿಂದಕ್ಕೆ ಒತ್ತಿ ನಿಲ್ಲಿಸುತ್ತೇನೆ ಅನ್ನುವವರು, ಖಂಡಿತ ಬೇಡ. ನಮ್ಮ ಇಳಿಜಾರು ಅವರ ಇನ್‌ಸ್ಟಾಗ್ರಾಮ್ ನೋಡುವುದಿಲ್ಲ.

ಜೋಡಿ ಸೈಕಲ್ ಸ್ವಲ್ಪ ಕಷ್ಟದ್ದು. ಇಬ್ಬರು ತುಳಿಯುವ ಉದ್ದದ ಸೈಕಲ್. ಚಡಾವಿನಲ್ಲಿ ಹಿಂದೆ ಬೀಳುತ್ತದೆ, ಇಳಿಜಾರಿನಲ್ಲಿ ಇಬ್ಬರ ಭಾರಕ್ಕೆ ಎಲ್ಲರನ್ನೂ ದಾಟಿ ಬರುತ್ತದೆ, ಬ್ರೇಕ್ ಹಿಡಿದರೆ ನಿಲ್ಲಲು ಜಾಸ್ತಿ ದೂರ ಬೇಕು. ಗುಂಪಿನ ಒಳಗೆ ಹಿಂದೆ ಮುಂದೆ ಆಗುತ್ತಾ ಇದ್ದರೆ ತಲೆನೋವು. ಹಾಗಂತ ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಕಣ್ಣು ಕಾಣದವರಿಗೆ ರೇಸ್ ಅಂದರೆ ಅದೊಂದೇ ದಾರಿ. ಮುಂದೆ ಕಣ್ಣಿದ್ದವರು, ಹಿಂದೆ ಅವರು. ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಗೆಯೇ ನಡೆಯುವುದು. ಮಲಗಿ ತುಳಿಯುವ ಸೈಕಲ್, ಕೈಯಿಂದ ತಿರುಗಿಸುವ ಸೈಕಲ್ ಇವಕ್ಕೂ ಇದೇ ಮಾತು. ಅವು ತಗ್ಗು, ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ಮದ್ದು ಬೇರೆಯವರು ಆಗಲೇ ಕಂಡುಹಿಡಿದಿದ್ದಾರೆ. 1975ರಲ್ಲಿ ಬೋಸ್ಟನ್ ಮ್ಯಾರಥಾನ್‌ಗೆ ಬಾಬ್ ಹಾಲ್ ಅನ್ನುವವರು ಗಾಲಿಕುರ್ಚಿಯಲ್ಲಿ ಬರುತ್ತೇನೆ ಅಂದರು. ಮೂರು ಗಂಟೆಯೊಳಗೆ ಮುಗಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂದರು ನಡೆಸುವವರು. ಅವರು 2 ಗಂಟೆ 58 ನಿಮಿಷದಲ್ಲಿ ಮುಗಿಸಿದರು. ಈಗ ಅಲ್ಲಿ ಗಾಲಿಕುರ್ಚಿಯವರು ಓಟಗಾರರಿಗಿಂತ ಮೊದಲೇ ಹೊರಡುತ್ತಾರೆ. ಸೈಕಲಿನಲ್ಲೂ ಉಂಟು. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಅಂತ 1891ರಲ್ಲಿ ಶುರುವಾದದ್ದು, 1200 ಕಿಲೋಮೀಟರ್, 90 ಗಂಟೆ ಸಮಯ, ನಾಲ್ಕು ವರ್ಷಕ್ಕೊಮ್ಮೆ. ಅಲ್ಲಿ ಜೋಡಿ ಸೈಕಲ್, ಮಲಗಿ ತುಳಿಯುವುದು, ಮೈಯೆಲ್ಲ ಮುಚ್ಚಿದ ಮೂರು ಚಕ್ರದ ಗಾಡಿ, ಎಲ್ಲ ಬರುತ್ತವೆ. ಅವರಿಗೆ ಹೊರಡುವ ಸಮಯ ಮಾತ್ರ ಬೇರೆ. ನಮ್ಮಲ್ಲಿ 200 ಕಿ.ಮೀ. ಬ್ರೆವೆ ಅನ್ನುವ ದೂರದ ಸವಾರಿ ಮಾಡುತ್ತಾರಲ್ಲ, ಹದಿಮೂರೂವರೆ ಗಂಟೆಯೊಳಗೆ ಮುಗಿಸುವುದು, ಅದೂ ಇದೇ ಮನೆತನದ್ದು.

ನಾವೂ ಹಾಗೆಯೇ ಮಾಡಿದರೆ ಆಯಿತಲ್ವಾ? ವಿಶೇಷ ಸೈಕಲ್‌ಗಳು ಹತ್ತು ನಿಮಿಷ ಮೊದಲು ಹೊರಡಲಿ. ರೇಸಿಗೆ ಅಂತ ಬಂದವರು ಆಮೇಲೆ. ಸುಮ್ನೆ ಬಂದವರು ಕೊನೆಗೆ. ಖರ್ಚು ಏನು? ಹತ್ತು ನಿಮಿಷ.

ಇಷ್ಟು ಹೇಳಿದ ಮೇಲೆ ಬಹುಮಾನದ ಮಾತು ಬಂತು. ಐದು ಲಕ್ಷದ ಸೈಕಲಿಗೂ ಎಂಟು ಸಾವಿರದ ಸೈಕಲಿಗೂ ಒಂದೇ ಕಪ್ ಅಂದರೆ ಹೇಗೆ? ನ್ಯಾಯದ ಪ್ರಶ್ನೆ. 60 ಕೆ.ಜಿ.ಯ ಒಬ್ಬರು 8 ಕೆ.ಜಿ. ಸೈಕಲಲ್ಲಿ ಹತ್ತಿದರೆ ಒಟ್ಟು 68, 20 ಕೆ.ಜಿ. ಸೈಕಲಲ್ಲಿ 80. ಕಡಿದಾದ ಚಡಾವಿನಲ್ಲಿ ಭಾರದ ಲೆಕ್ಕಕ್ಕೇ ಸಮಯ, ಹಗುರ ಸೈಕಲಲ್ಲಿ 20 ನಿಮಿಷದಲ್ಲಿ ಹತ್ತಿದ್ದಕ್ಕೆ ಅದೇ ಕಾಲಬಲದಲ್ಲಿ ಭಾರದ ಸೈಕಲಲ್ಲಿ ಇಪ್ಪತ್ತಮೂರೂವರೆ ಬೇಕು. ಅದು ತಪ್ಪಿಸಲಿಕ್ಕೆ ಆಗುವುದಿಲ್ಲ.

ಆದರೆ ಕಂಬಳ ನಡೆಯುವ ಪೈವಳಿಕೆ ಕಡೆಯವರು ಸಭೆಯಲ್ಲಿ ಕೂತಿರುವಾಗ ನಾನು ಇದನ್ನು ಬಿಡಿಸಿ ಹೇಳಬೇಕಾ? ಕಂಬಳದಲ್ಲಿ ಏನು ಮಾಡುತ್ತಾರೆ? ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆ ಹಲಗೆ. ಕೋಣದ ಹಿಂದೆ ಏನು ಕಟ್ಟಿದೆ, ಕೋಣದ ವಯಸ್ಸು ಎಷ್ಟು ಅನ್ನುವುದರ ಮೇಲೆ ವಿಭಾಗ. ಕನೆ ಹಲಗೆಗಂತೂ ವೇಗವೇ ಲೆಕ್ಕ ಅಲ್ಲ, ನೀರು ಮೇಲೆ ಕಟ್ಟಿದ ನಿಶಾನೆ ಬಟ್ಟೆಗೆ ಹಾರಬೇಕು. ಹಲಗೆ ಕಟ್ಟಿದವನು ಹಗ್ಗದವನ ಹತ್ತಿರ ನಿನ್ನದು ಹಗುರ ಅಂತ ಜಗಳಾಡಿದ್ದು ಯಾರಾದರೂ ಕೇಳಿದ್ದೀರಾ? ಕೋಣ ಓಡುವ ಕರೆ ಒಂದೇ, ಜನ ಒಂದೇ, ಬಹುಮಾನ ಬೇರೆ ಬೇರೆ. ರೋಡ್ ಸೈಕಲಿಗೆ ಒಂದು ಕಪ್, ಎಂಟಿಬಿ-ಹೈಬ್ರಿಡ್‌ಗೆ ಒಂದು, ಗೇರ್ ಇಲ್ಲದ್ದಕ್ಕೆ ಒಂದು. ಕಪ್ ಸ್ವಲ್ಪ ಸಣ್ಣದಾದರೆ ಆಗಲಿ.

ಮೋಟರ್ ಇರುವುದರ ಬಗ್ಗೆ ನನ್ನದು ಕಟ್ಟುನಿಟ್ಟು. ನಮ್ಮ ದೇಶದ ನಿಯಮದಲ್ಲಿ 250 ವಾಟ್, 25 ಕಿ.ಮೀ. ವೇಗದ ಒಳಗಿನ ಇ-ಸೈಕಲಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. 250 ವಾಟ್ ಅಂದರೆ ಏನು ಅಂತ ತಿಳಿಯಲು, ಸಾಮಾನ್ಯ ಆರೋಗ್ಯದ ನನ್ನಂಥವನು ಒಂದು ಗಂಟೆ ಹಿಡಿದು ತುಳಿದರೆ ನೂರು ನೂರೈವತ್ತು ವಾಟ್ ಕಷ್ಟದಲ್ಲಿ ಬರುತ್ತದೆ. ನಾವೆಲ್ಲ ನಾಲಿಗೆ ಹೊರಗೆ ಹಾಕಿ ಚಡಾವು ಹತ್ತುವಾಗ ಒಬ್ಬರು ಶಿಳ್ಳೆ ಹೊಡೆಯುತ್ತಾ ಸಂದಿಗೊಂದಿಯಲ್ಲಿ ನುಗ್ಗಿ ಹೋದರೆ ಅದು ಅಪಾಯವೂ ಹೌದು, ಹೊಟ್ಟೆ ಉರಿಯುವುದೂ ಹೌದು. ಆದರೆ ಹಾರ್ಟ್ ಆಪರೇಶನ್ ಆದ ಮೇಲೆ ಇ-ಸೈಕಲಲ್ಲಿ ಮತ್ತೆ ರಸ್ತೆಗೆ ಬಂದ ಒಬ್ಬರು ನನ್ನ ಗಿರಾಕಿ, ಅವರು ಸಭೆಯಲ್ಲೇ ಇದ್ದರು. ಅವರಿಗೆ ಹೇಳಿದೆ, ಬನ್ನಿ, ಕೊನೆಯ ಗುಂಪಿನಲ್ಲಿ ಹೊರಡಿ, ಗಂಜಿ ನಮ್ಮ ಜೊತೆ ಉಣ್ಣಿ, ಕಪ್ ಕೇಳಬೇಡಿ. ಅವರು ನಕ್ಕು ತಲೆಯಾಡಿಸಿದರು. ಮೋಟರ್ ಅಡಗಿಸಿ ತರುವವರ ಮಾತು ಬೇರೆ. 2016ರಲ್ಲಿ ಬೆಲ್ಜಿಯಂನಲ್ಲಿ ನಡೆದ ಸೈಕ್ಲೋಕ್ರಾಸ್, ಅಂದರೆ ಕೆಸರು-ಹುಲ್ಲಿನ ಮೇಲಿನ ಸೈಕಲ್ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಬ್ಬ ಸವಾರಳ ಸೈಕಲ್ ಫ್ರೇಮಿನೊಳಗೆ ಮೋಟರ್ ಸಿಕ್ಕಿ ಆರು ವರ್ಷ ನಿಷೇಧ ಹಾಕಿದರು. ನಮ್ಮ ಬಕೆಟ್ ಬಹುಮಾನಕ್ಕೆ ಯಾರೂ ಅಷ್ಟು ಖರ್ಚು ಮಾಡಲಿಕ್ಕಿಲ್ಲ ಅಂತ ನನ್ನ ನಂಬಿಕೆ.

ಗೇಟಿನಲ್ಲಿ ಏನು ಮಾಡುವುದು ಅಂತ ತೋರಿಸಲು ನಾನು ಅವತ್ತು ಒಂದು ಸೈಕಲನ್ನು ವೇದಿಕೆಯ ಮೇಲೆಯೇ ಹತ್ತಿಸಿದ್ದೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ, ಹಿಂದಿನ ಚಕ್ರ ನೆಲ ಬಿಡಬೇಕು. ಹಿಂದಿನದ್ದು ಹಿಡಿದು ತಳ್ಳಿ, ಚಕ್ರ ಉರುಳದೆ ಎಳೆದುಕೊಂಡು ಬರಬೇಕು. ಲಿವರ್ ಹ್ಯಾಂಡಲಿಗೆ ತಾಗಿದರೆ ಫೇಲ್. ಚಕ್ರ ಅಡ್ಡಕ್ಕೆ ಅಲುಗಾಡಿಸಿ, ಕಟಕಟ ಅಂದರೆ ಫೇಲ್. ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ಗಟ್ಟಿ ಉಂಟಾ ನೋಡಿ. ಒಬ್ಬರಿಗೆ ಒಂದು ನಿಮಿಷ ಸಾಕು. ಮತ್ತೆ ಇದನ್ನೆಲ್ಲ ಹೆಸರು ಕೊಡುವ ದಿನವೇ ಹೇಳಬೇಕು, ಬೆಳಿಗ್ಗೆ ಆರೂವರೆಗೆ ಗೇಟಿನಲ್ಲಿ ಅಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದ ಮೇಲೆ ಇಲ್ಲ ಅನ್ನುವುದು ಕೆಟ್ಟದ್ದು.

ಸ್ಟೀಲ್ ರಿಮ್ಮಿನ ಸೈಕಲಿಗೆ ಇನ್ನೊಂದು ಪರೀಕ್ಷೆ ಬೇಕು. ರಿಮ್ಮಿಗೆ ಒಂದು ಮಗ್ ನೀರು ಹೊಯ್ಯುವುದು. ಜನವರಿಯಲ್ಲಿ ಮಳೆ ಇಲ್ಲ, ಆದರೆ ಗುಡ್ಡೆ ಮೇಲೆ ಬೆಳಗಿನ ಮಂಜು ಉಂಟು. ಆ ಹೊಳೆಯುವ ರಿಮ್ ಒದ್ದೆ ಆದರೆ ಬ್ರೇಕ್ ರಬ್ಬರ್ ಬರೀ ಜಾರುತ್ತದೆ. ಇಚ್ಚನ ಸೈಕಲನ್ನು ನಾನು ಸಭೆಯ ಹಿಂದಿನ ದಿನ ಅಂಗಡಿ ಎದುರಿನ ಇಳಿಜಾರಿನಲ್ಲಿ ನೋಡಿದ್ದೆ. ರಾಡ್ ಬ್ರೇಕ್, ರಿಮ್ಮಿನ ಒಳಬದಿಗೆ ಕೆಳಗಿನಿಂದ ಒತ್ತುವುದು. ಒಣಗಿದ್ದಾಗ ಚೆನ್ನಾಗಿ ನಿಂತಿತು, ನನಗೇ ಆಶ್ಚರ್ಯ. ನೀರು ಹೊಯ್ದ ಮೇಲೆ ಎರಡು ಪಟ್ಟಿಗಿಂತ ಜಾಸ್ತಿ ದೂರ ಹೋಗಿ, ಪಕ್ಕದ ಅಂಗಡಿಯ ಬಾಳೆಗೊನೆಯ ಹತ್ತಿರ ನಿಂತಿತು. ಅದನ್ನೂ ಸಭೆಯಲ್ಲಿ ಹೇಳಿದೆ, ಅವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಪ್ರಶ್ನೆಗಳೆಲ್ಲ ಮುಗಿದ ಮೇಲೆ ಇಚ್ಚ ಎದ್ದರು.

"ಮಂಜು ಇದ್ರೆ ನನ್ನನ್ನು ಬಿಡುವುದಿಲ್ಲ, ಅಲ್ವಾ?"

"ಹಾಗಲ್ಲ ಇಚ್ಚಾ. ಹೊಸ ರಬ್ಬರ್ ಹಾಕಿ ಕೊಡ್ತೇನೆ. ರಸ್ತೆ ಒಣಗಿದ್ರೆ ಎಲ್ಲರ ಜೊತೆ. ಒದ್ದೆ ಇದ್ರೆ ಕೊನೆಯ ಗುಂಪಿನಲ್ಲಿ."

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಕೊನೆಯಲ್ಲಿ ಬಿಟ್ಟರೂ ಅಡ್ಡಿಯಿಲ್ಲ. ಈ ಮಕ್ಕಳೆಲ್ಲ ನನಗೆ ಚಡಾವಿನಲ್ಲಿ ಸಿಕ್ತಾರೆ. ಹಾರ್ನ್ ತೆಗೀಬೇಕಾ?"

ಹಾರ್ನ್ ಇರಲಿ ಅಂದೆ.